ಅಪ್ಪನ ಏಳು

ಚಿಕ್ಕಪ್ಪನವರಿಗೆ ನಮಸ್ಕಾರ.

ಅಪ್ಪ ಹನ್ನೊಂದು ವರ್ಷ ಬೆನ್ನು ಹತ್ತಿದ್ದ ನಲವತ್ತು ಅಂಕೆಗಳ ಆ ಸಂಖ್ಯೆಯನ್ನು ನೀವು ಎರಡು ಅಪವರ್ತನಗಳಾಗಿ ಒಡೆದದ್ದನ್ನು ಪತ್ರಿಕೆಯಲ್ಲಿ ನೋಡಿದೆ. ಒಂದು ಅಪವರ್ತನ ಮೂರರಲ್ಲಿ ಮುಗಿಯುತ್ತದೆ, ಇನ್ನೊಂದು ಒಂದರಲ್ಲಿ. ಹಾಗಿದ್ದರೆ ಗುಣಲಬ್ಧವೂ ಮೂರರಲ್ಲಿ ಮುಗಿಯಬೇಕು. ಅಪ್ಪನ ಸಂಖ್ಯೆ ಮುಗಿಯುವುದು ಒಂದರಲ್ಲಿ. ಅಚ್ಚಿನ ತಪ್ಪಿರಬಹುದೆಂದು ನಿಮ್ಮ ಎರಡನೆಯ ಅಪವರ್ತನದ ಕೊನೆಯ ಒಂದನ್ನು ಏಳು ಮಾಡಿ, ಕೂತು ಗುಣಿಸಿದೆ. ಪೂರ್ತಿ ಸರಿಹೋಯಿತು.

ಅಪ್ಪ ಏಳು ಬರೆದರೆ ಒಂದರಂತೆಯೇ ಕಾಣುತ್ತದೆ. ಕಳೆದುಹೋದ ಅವರ ಲೆಕ್ಕದ ನೋಟ್‌ಬುಕ್ಕನ್ನು ಕಣ್ಣಿಂದಲೂ ನೋಡಿಲ್ಲ ಎಂದಿದ್ದಿರಿ.

ಅವರಿಗೆ ನಾನು ಏನೂ ಹೇಳಿಲ್ಲ. "ನನ್ನ ಲೆಕ್ಕ ಹೋದರೆ ಹೋಗ್ಲಿ ಕಣೇ, ಉತ್ತರ ನನ್ನ ತಮ್ಮನಿಗೇ ಸಿಕ್ತಲ್ಲ!" ಎಂದು ಹಿಗ್ಗುತ್ತಿದ್ದಾರೆ. ಶನಿವಾರ ಬಂದಾಗ ನೋಟ್‌ಬುಕ್ಕನ್ನು ಅವರ ಮೇಜಿನ ಕೆಳಗಿನ ಖಾನೆಯಲ್ಲಿ ಇಟ್ಟುಬಿಡಿ. ಹುಡುಕಿದವಳು ನಾನೇ ಎನ್ನುತ್ತೇನೆ.

ಇಂತಿ,
ನಿಮ್ಮ ಅಣ್ಣನ ಮಗಳು