ಮಲ್ಲಿಗೆ ತೋಟದ ಹೊಂಡ

ಅಪ್ಪಾ,

ನಿನ್ನೆಯ ಮಳೆಗೆ ನಮ್ಮ ಕೃಷಿ ಹೊಂಡ ತುಂಬಿತು. ಹೋದ ಬೇಸಿಗೆಯಲ್ಲಿ ಬೋರು ಬತ್ತಿ ಅರ್ಧ ಮಲ್ಲಿಗೆ ತೋಟ ಒಣಗಿದ ಮೇಲೆ, ನೀನು ಹೇಳುತ್ತಿದ್ದ ಇಳಿಜಾರಿನ ಮೂಲೆಯಲ್ಲೇ ತೋಡಿಸಿದೆವು. ಹೊಂಡದ ಜಾಗಕ್ಕೆ ನಾಲ್ಕು ಸಾಲು ಗಿಡ ಹೋದವು. ಉಳಿದವಕ್ಕೆ ಇನ್ನು ಬೇಸಿಗೆಯ ಚಿಂತೆಯಿಲ್ಲ.

ಆಳ ನೋಡುತ್ತೇನೆಂದು ಕೋಲು ಹಿಡಿದು ಬಗ್ಗಿದ ನಿನ್ನ ಅಳಿಯ, ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ಸೀದಾ ನೀರಿಗೆ ಬಿದ್ದರು. ಹಗ್ಗ ಕೊಟ್ಟು ಎಳೆದೆವು. ಅವ್ವ, "ಅಳತಿ ಸಿಕ್ತೇನ್ರಿ, ಇನ್ನೊಮ್ಮಿ ಇಳೀತೀರೇನು?" ಅಂದಳು. ನೀನು ತೀರಿಕೊಂಡ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಇದೇ ಮೊದಲು.

ಸಂಜೆ ಪಕ್ಕದ ಹೊಲದ ಕರಿಸಿದ್ದಪ್ಪ ಮಾವ ಕುರಿಗಳಿಗೆ ನೀರು ಕುಡಿಸಲು ಬಂದರು.

"ಮಳಿನೀರು ಹರಿಯೋ ದಾರ್‍ಯಾಗ ತೋಡ್ಸೀರಿ. ಈ ಜಾಗ ಯಾರು ಹೇಳಿದ್ರವ್ವ?"

"ನಮ್ಮಪ್ಪ" ಅಂದೆ.

"ಮತ್ತ ಅವ ಇದ್ದಾಗ್ಲೇ ಯಾಕ ತೋಡಿಸ್ಲಿಲ್ಲ?"

ನಾನು ಕುರಿಗಳ ಕಡೆ ನೋಡುತ್ತಾ ನಿಂತೆ. ನಾಲ್ಕು ಸಾಲು ಮಲ್ಲಿಗೆಗಾಗಿ ಹೊಂಡವೇ ಬೇಡವೆಂದು ಮೂರು ವರ್ಷ ಹಟ ಹಿಡಿದವಳು ಯಾರೆಂದು ಅವ್ವನಿಗೆ ಗೊತ್ತು.

"ಆವಾಗ ಅವರಿಗೆ ಪುರುಸೊತ್ತು ಆಗ್ಲಿಲ್ರಿ" ಅಂದು ಅವಳು ಮಾವನ ಕೈಗೆ ಚಹಾ ಕೊಟ್ಟಳು.

ನಿನ್ನ ಮಗಳು,
ಪುಷ್ಪಲತಾ