ಬಾಗಿಲು ಹಾಕಿಕೊಂಡು ಬೇಯಿಸಿದ ಗೆಣಸು

ಪೆರಂಬೂರು, ಚೆನ್ನೈ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಪ್ರಣಮ್ಯಾಳಿಗೆ,

ಹೇಗಿದ್ದಿ? ಗುಂತಕಲ್ಲಿನಲ್ಲಿ ಚಳಿ ಶುರುವಾಗಿರಬೇಕು. ಡ್ಯೂಟಿಗೆ ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೊ, ಇಂಜಿನ್ನಿನ ಕಿಟಕಿಯಿಂದ ಗಾಳಿ ಹೊಡೆಯುತ್ತದೆ ಎಂದು ನೀನೇ ಹೇಳಿದ್ದೆ. ಡ್ಯೂಟಿ ಮುಗಿಸಿ ಮಲಗುವ ಆ ರನ್ನಿಂಗ್ ರೂಮಿನ ಊಟ ಸೇರುತ್ತದಾ? ಕೆಮ್ಮು ಪೂರ್ತಿ ಹೋಯಿತಾ? ಹೋಗದಿದ್ದರೆ ಹೋಗಿದೆ ಎಂದು ಹೇಳಬೇಡ. ರೈಲು ಓಡಿಸುವ ಅಸಿಸ್ಟೆಂಟ್ ಲೋಕೋ ಪೈಲಟ್ ಆದರೂ ನನಗೆ ನೀನು ಕೆಮ್ಮುವ ಮಗುವೇ.

ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದುಕೊಳ್ಳುತ್ತಿರಬಹುದು. ಇಂಜಿನ್ನಿನಲ್ಲಿರುವಾಗ ನಿನ್ನ ಫೋನು ಆಫ್. ನೀನು ಸಿಗುವ ಹೊತ್ತಿಗೆ ನಿನ್ನ ಅಪ್ಪ ನನ್ನ ಪಕ್ಕದಲ್ಲೇ ಕುಳಿತಿರುತ್ತಾರೆ. ಮೆಸೇಜು ಕಳಿಸೋಣವೆಂದರೆ ನನ್ನ ಫೋನನ್ನು ಅವರು ಕನ್ನಡಕ ಹಾಕಿಕೊಂಡು ಪೇಪರಿನಂತೆ ಓದುತ್ತಾರೆ. ನೀನು ತಮಿಳು ಶಾಲೆಯಲ್ಲಿ ಓದಿದವಳೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಿಧಾನವಾಗಿ ಓದು, ನಡುವೆ ಹಾರಿಸಬೇಡ.

ನಿನ್ನ ಮೊದಲ ಸಂಬಳದಲ್ಲಿ ತಂದುಕೊಟ್ಟ ಓವನ್ ನೆನಪಿದೆಯಲ್ಲ? ಅದನ್ನು ನೋಡಿ ಅಪ್ಪ ಏನೆಂದಿದ್ದರು? "ಎಣ್ಣೆ ಇಲ್ಲದೆ ಬೇಯಿಸುದು ಆಸ್ಪತ್ರೆಯಲ್ಲಿ." ಮೂವತ್ತೊಂದು ವರ್ಷ ನುಂಗಂಬಾಕ್ಕಂನ ಹೋಟೆಲಿನಲ್ಲಿ ಎಣ್ಣೆ ಬಾಣಲೆಯ ಮುಂದೆ ನಿಂತು ಗೋಳಿಬಜೆ, ಬೋಂಡ ಕರಿದವರು ಹಾಗನ್ನದೆ ಇನ್ನೇನು ಅಂದಾರು! ಒಂದು ವರ್ಷ ಅದರ ಮೇಲೆ ಹಳೆಯ ಸೀರೆ ಹೊದೆಸಿ ಇಟ್ಟಿದ್ದೆ. ಆಯುಧಪೂಜೆ ಮುಗಿದ ವಾರ ನೋಡುತ್ತೇನೆ, ಸೀರೆ ಮಡಚಿ ಪಕ್ಕಕ್ಕಿಟ್ಟಿದೆ. ಓವನ್ ಬೆಚ್ಚಗಿದೆ. ಕೇಳಿದರೆ, "ಸುಮ್ಮನೆ ನೋಡಿದ್ದು. ಹಾಳಾಗಿದೆಯಾ ಅಂತ."

ಆಮೇಲೆ ಅದು ದಿನಾ ಆಯಿತು. ಮೊದಲೆಲ್ಲ ಸಂಜೆ ನಾಲ್ಕಕ್ಕೆ ಬರುತ್ತಿದ್ದವರು ಈಗ ಎರಡಕ್ಕೇ ಬರತೊಡಗಿದರು, ಕೈಯಲ್ಲಿ ಗೆಣಸಿನ ಚೀಲ. ನೇರ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮ ಅಡುಗೆಮನೆಗೆ ಬಾಗಿಲಿರುವುದೇ ನನಗೆ ಮರೆತುಹೋಗಿತ್ತು, ಅದರ ಹಿಂದೆ ಚೀಲ ನೇತುಹಾಕಿ ಎಷ್ಟು ವರ್ಷವಾಯಿತು! ಹೊರಗೆ ಕುಳಿತು ಕೇಳಿದರೆ ಚಾಕುವಿನ ಶಬ್ದ, ನೀರಿನ ಶಬ್ದ, ಆಮೇಲೆ ಓವನ್ನಿನ ಟಿಣ್. ಕೆಲವು ದಿನ ಸುಟ್ಟ ಸಕ್ಕರೆಯ ವಾಸನೆ. ತಿನ್ನಲು ಮಾತ್ರ ಒಂದು ತುಂಡೂ ಕೊಡುತ್ತಿರಲಿಲ್ಲ. ಡಬ್ಬಿಗೆ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು. ಒಂದು ದಿನ ಕಸದ ಚೀಲ ಬಿಚ್ಚಿ ನೋಡಿದೆ. ತಳದಲ್ಲಿ ಪೇಪರಿನಲ್ಲಿ ಸುತ್ತಿದ ಕಪ್ಪು ಕಡ್ಡಿಗಳು, ಇದ್ದಿಲಿನ ಹಾಗೆ. ಮಾಡಿದ್ದನ್ನು ಕದ್ದು ಎಸೆಯುವುದು ಯಾಕೆ, ಹೇಳು?

ನನ್ನ ಬುದ್ಧಿ ನಿನಗೆ ಗೊತ್ತು. ಒಮ್ಮೆ ಸಂಶಯ ಹೊಕ್ಕರೆ ಎಲ್ಲವೂ ಅದಕ್ಕೇ ಸೇರಿಕೊಳ್ಳುತ್ತದೆ. ಮದುವೆಯಾದಂದಿನಿಂದ ನನ್ನ ಸಾರಿಗೆ ಹುಳಿ ಹೆಚ್ಚು, ಇಂಗು ಕಡಿಮೆ ಎಂದು ಏನಾದರೊಂದು ಹೇಳುತ್ತಿದ್ದ ಮನುಷ್ಯ ಎರಡು ತಿಂಗಳಿನಿಂದ ಸುಮ್ಮನೆ ಉಣ್ಣುತ್ತಿದ್ದರು. ಒಂದು ದಿನ ಚೆನ್ನಾಗಿದೆ ಅಂದರು. ಅಂದು ನಾನು ಒಗ್ಗರಣೆ ಸೀಯಿಸಿದ್ದೆ! ತಪ್ಪು ಮಾಡಿದವರೇ ಹೀಗೆ ಹೊಗಳುವುದು ಎಂದುಕೊಂಡೆ. ಅದೇ ವಾರ ಅವರು ಸ್ನಾನಕ್ಕೆ ಹೋದಾಗ ಅವರ ಫೋನು ಹೊಡೆಯಿತು. ಹೆಸರು ಸುಮತಿ. ನಾನು ಎತ್ತಿದೆ, ಮಾತಾಡಲಿಲ್ಲ. ಆ ಕಡೆಯಿಂದ ಸಲಿಗೆಯ ದನಿ, "ಅಣ್ಣಾ, ಇನ್ನೈಕ್ಕಾವದು ನಲ್ಲಾ ವಂದುಚ್ಚಾ?" ಇವತ್ತಾದರೂ ಚೆನ್ನಾಗಿ ಬಂತಾ ಎಂದು. ನಾನು ಫೋನು ಕೆಳಗಿಟ್ಟೆ. ಅಣ್ಣಾ ಎಂದಳಲ್ಲ ಎಂದು ಸಮಾಧಾನ ಮಾಡಿಕೊಂಡೆ, ಆದರೆ ಈ ಊರಿನಲ್ಲಿ ಆಟೋದವನಿಗೂ ಅಣ್ಣಾ ಎನ್ನುತ್ತಾರೆ.

ಮರುದಿನ ಅವರು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ಬ್ಯಾಂಕಿಗೆ ಹೋಗುತ್ತೇನೆಂದು ಕೂಗಿ ಹೇಳಿ ಹೋಟೆಲಿಗೇ ಹೋದೆ. ಬಡಿಸುವ ಮೋನಪ್ಪಣ್ಣ ಗೊತ್ತಲ್ಲ, ನೀನು ಚಿಕ್ಕವಳಿರುವಾಗ ನಿನಗೆ ಬೆಣ್ಣೆ ಉಂಡೆ ಕೊಡುತ್ತಿದ್ದರು. ಅವರು ನನ್ನನ್ನು ನೋಡಿದ್ದೇ ಅಪ್ಪನ ವಿಷಯ ಎತ್ತಿ, "ಜಲಜಕ್ಕ, ಶೀನಣ್ಣನ ಮೊಣಕಾಲು ಹೇಗುಂಟು ಈಗ?" ಎಂದರು. ನಾನು ಯಾವ ಮೊಣಕಾಲು ಎಂದೆ. "ಕಾಲುನೋವು ಅಂತ ಹೇಳಿ ಬಾಣಲೆ ಬಿಟ್ಟು ಒಂದೂವರೆ ತಿಂಗಳಾಯ್ತಲ್ಲ. ಈಗ ಸ್ಟೋರಿನಲ್ಲಿ ಅಕ್ಕಿ ಬೇಳೆ ನೋಡಿಕೊಳ್ಳುದು. ನಿಮಗೆ ಗೊತ್ತಿಲ್ವಾ?"

ಗೊತ್ತಿದೆ ಎಂದು ಹೇಳಿ ಬಂದೆ. ಹೇಗೆ ಬಂದೆನೋ ನೆನಪಿಲ್ಲ. ಮನೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಗೆಣಸು ಸಿಪ್ಪೆ ತೆಗೆಯುವವರಿಗೆ ಯಾವ ಮೊಣಕಾಲು ನೋವು? ಮೂರು ದಿನ ಅವರನ್ನು ನೋಡುತ್ತಲೇ ಇದ್ದೆ, ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹುಟ್ಟುತ್ತದೆ, ಕೈಗೇ ಸಿಕ್ಕಿಬೀಳಲಿ ಎಂದು ಕಾದೆ.

ಹೋದ ಬುಧವಾರ, ನಾನು ಕೆಳಗಿನ ಮನೆಯ ಕೌಸಲ್ಯಾಳ ಜೊತೆ ದೇವಸ್ಥಾನಕ್ಕೆ ಹೊರಟವಳು ಅರ್ಧದಾರಿಯಿಂದ ಬೇಕೆಂದೇ ತಿರುಗಿ ಬಂದೆ. ಸದ್ದಿಲ್ಲದೆ ಬೀಗ ತೆಗೆದೆ. ಹಾಲ್‌ಗೆ ಕಾಲಿಟ್ಟದ್ದೇ ಗ್ಯಾಸಿನ ವಾಸನೆ ಮೂಗಿಗೆ ಹೊಡೆಯಿತು. ಅಡುಗೆಮನೆಯ ಬಾಗಿಲು ದೂಡಿದೆ. ಒಲೆಯ ಮೇಲಿನ ಹಾಲು ಉಕ್ಕಿ ಬೆಂಕಿ ಆರಿಹೋಗಿತ್ತು, ಗ್ಯಾಸು ಮಾತ್ರ ಬುಸ್ಸೆಂದು ಬರುತ್ತಿತ್ತು. ಕಿಟಕಿ ಮುಚ್ಚಿತ್ತು. ನಿನ್ನ ಅಪ್ಪ ಒಲೆಗೆ ಬೆನ್ನು ಹಾಕಿ ನಿಂತು, ಟ್ರೇಯಲ್ಲಿ ಗೆಣಸಿನ ಕಡ್ಡಿಗಳನ್ನು ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಮುಗಿಸಿ, ಓವನ್ನಿನ ಸ್ವಿಚ್ಚಿಗೆ ಕೈ ಚಾಚಿದ್ದರು.

"ಮುಟ್ಟಬೇಡಿ!" ಎಂದು ನಾನು ಕಿರುಚಿದ್ದು ಇಡೀ ವಠಾರಕ್ಕೆ ಕೇಳಿಸಿತಂತೆ. ಅವರ ಕೈ ಎಳೆದು, ಗ್ಯಾಸು ಬಂದ್ ಮಾಡಿ, ಕಿಟಕಿ ತೆರೆದು, ಅವರನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋದೆ. ಅವರು ನನ್ನನ್ನೇ ನೋಡುತ್ತಿದ್ದರು, ಏನೂ ಅರ್ಥವಾಗದವರಂತೆ.

"ಇಷ್ಟು ವಾಸನೆ ಬರ್ತಾ ಉಂಟು, ನಿಮಗೆ ಗೊತ್ತಾಗ್ಲಿಲ್ವಾ?"

"ಎಂತ ವಾಸನೆ?" ಎಂದರು.

ಅಷ್ಟೇ ಮಗಾ. ಆ ಎರಡು ಮಾತು ಬಾಯಿಂದ ಬಿದ್ದ ಮೇಲೆ, ಗುಟ್ಟು ಹೊರಬಿತ್ತೆಂದು ಅವರಿಗೇ ಗೊತ್ತಾಯಿತು. ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆಗಸ್ಟಿನಲ್ಲಿ ಜ್ವರ ಬಂದಿತ್ತಲ್ಲ, ಆಗಿನಿಂದ ಮೂಗು ಹೋಗಿದೆ. ಏನೂ ತಿಳಿಯುವುದಿಲ್ಲ. "ಉಪ್ಪು ಗೊತ್ತಾಗ್ತದೆ, ಸಿಹಿ ಗೊತ್ತಾಗ್ತದೆ, ಅಷ್ಟೇ. ಕಾಫಿಯೂ ಬಿಸಿನೀರು, ನಿನ್ನ ಸಾರೂ ಬಿಸಿನೀರು." ಎಣ್ಣೆ ಹಳತಾದದ್ದು ಮೊದಲು ಮೂಗಿಗೇ ಗೊತ್ತಾಗಬೇಕಂತೆ, ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದಂತೆ. ಸೆಪ್ಟೆಂಬರಿನಲ್ಲಿ ಒಂದು ದಿನ ಅವರು ಕರಿದ ಬೋಂಡದ ಪ್ಲೇಟು ಕಮಟು ಎಂದು ತಿರುಗಿ ಬಂತು. ಒಂದಲ್ಲ, ಮೂರು ಟೇಬಲಿನಿಂದ. ಮರುದಿನವೇ ಕಾಲುನೋವೆಂದು ಹೇಳಿ ಬಾಣಲೆ ಬಿಟ್ಟರು. ಆ ಸುಮತಿ ನುಂಗಂಬಾಕ್ಕಂನ ಯಾವುದೋ ಆಫೀಸಿನ ಕ್ಯಾಂಟೀನು ನಡೆಸುವವಳು. ಅಲ್ಲಿಯವರಿಗೆ ಕರಿದದ್ದು ಬೇಡ, ಓವನ್ನಿನಲ್ಲಿ ಮಾಡಿದ ಗೆಣಸಿನ ಫ್ರೈಸ್ ಬೇಕಂತೆ. ಇಷ್ಟು ಡಿಗ್ರಿ, ಇಷ್ಟು ನಿಮಿಷ ಎಂದು ಅವಳೇ ಬರೆದುಕೊಟ್ಟಿದ್ದಳು. ಗಡಿಯಾರ ನೋಡಿ ಮಾಡುವ ಕೆಲಸಕ್ಕೆ ಮೂಗು ಯಾಕೆ ಎಂದು ಇವರು ಅಲ್ಲಿ ಕೆಲಸ ಹಿಡಿಯಲು ಹೊರಟಿದ್ದಾರೆ. ಚೆನ್ನಾಗಿ ಬಂದದ್ದು ಅವಳ ಡಬ್ಬಿಗೆ, ಕಪ್ಪಾದದ್ದು ಕಸಕ್ಕೆ.

"ನನಗೆ ಹೇಳಲಿಕ್ಕೆ ಎಂತ ಆಗಿತ್ತು?" ಎಂದೆ. ನಾನು ಅವರ ಮೇಲೆ ಏನೇನು ಸಂಶಯಪಟ್ಟಿದ್ದೆನೆಂದು ಹೇಳಲಿಲ್ಲ.

"ಮೂಗಿಲ್ಲದ ಅಡಿಗೆಯವನನ್ನು ಯಾರು ಇಟ್ಟುಕೊಳ್ತಾರೆ ಜಲಜಾ? ನಿನಗೆ ಹೇಳಿದ್ರೆ ನೀನು ಮೊದಲು ಅಳ್ತಿ, ಮತ್ತೆ ಊರಿಗೆಲ್ಲ ಫೋನು ಮಾಡ್ತಿ." ಹೇಳಿದ್ದು ನಿಜವೇ. ಅಲ್ಲೇ ಮೆಟ್ಟಿಲ ಮೇಲೆ ಅತ್ತೆ. ಫೋನು ಮಾತ್ರ ಇನ್ನೂ ಯಾರಿಗೂ ಮಾಡಿಲ್ಲ.

ಗುರುವಾರ ಇಬ್ಬರೂ ಸೇರಿ ಮಾಡಿದೆವು, ಬಾಗಿಲು ತೆರೆದಿಟ್ಟು. ಅವರು ಗೆಣಸನ್ನು ಬೆರಳಿನಷ್ಟು ಸಮನಾಗಿ ಸೀಳಿ, ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯ ಮೇಲೆ ಹರಡಿ ಒಣಗಿಸಿದರು. ಕಡ್ಡಿಯಲ್ಲಿ ಒಂದು ಹನಿ ನೀರು ಉಳಿದರೂ ಫ್ರೈಸ್ ಮೆತ್ತಗಾಗುತ್ತದಂತೆ. ಸ್ವಲ್ಪ ಕಾರ್ನ್‌ಫ್ಲೋರ್, ಒಂದು ಚಮಚ ಎಣ್ಣೆ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ನಡುವೆ ಒಮ್ಮೆ ತೆಗೆದು ಒಂದೊಂದನ್ನೇ ಮಗುಚಿದರು. ಗೆಣಸಿನಲ್ಲಿ ಸಕ್ಕರೆ ಇರುವುದರಿಂದ ಕೊನೆಯ ಎರಡು ನಿಮಿಷವೇ ಕಷ್ಟ. ಒಂದು ಗೆಣಸಿನ ಹಾಗೆ ಇನ್ನೊಂದಿಲ್ಲ, ಗಡಿಯಾರಕ್ಕೆ ಅದು ಗೊತ್ತಿಲ್ಲ. ನಾನು ಓವನ್ನಿನ ಮುಂದೆ ಕುಳಿತೆ. ಬೆಲ್ಲ ಕಾಯುವಂಥ ವಾಸನೆ ಬಂತು, ಅದರ ಬೆನ್ನಿಗೇ ಸ್ವಲ್ಪ ಕಹಿ. "ಈಗ ತೆಗೀರಿ" ಎಂದೆ. ಇನ್ನೂ ಮೂರು ನಿಮಿಷ ಬಾಕಿ ಇತ್ತು. ಅವರು ಒಂದು ಕ್ಷಣ ನನ್ನ ಮುಖ ನೋಡಿ, ತೆಗೆದರು. ಹೊಂಬಣ್ಣ, ತುದಿ ಮಾತ್ರ ಕಂದು. ಒಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿ ಕುರುಂ ಕುರುಂ ಎಂದು ಅಗಿದರು. ರುಚಿ ಹೇಗುಂಟೆಂದು ನನ್ನನ್ನು ಕೇಳಿದರು, ಹೇಳಿದೆ. ಆಮೇಲೆ, "ಶಬ್ದ ಸರಿ ಉಂಟು" ಎಂದರು. ಎರಡು ತಿಂಗಳಲ್ಲಿ ಮೊದಲ ಸಲ ನಕ್ಕರು.

ಡಬ್ಬಿ ಹಿಡಿದು ಸುಮತಿಯ ಹತ್ತಿರ ನಾನೂ ಹೋದೆ. ಐವತ್ತು ದಾಟಿದ ಹೆಂಗಸು, ತಲೆತುಂಬ ಮಲ್ಲಿಗೆ. ಮೂಗಿನ ವಿಷಯ ಅಪ್ಪನೇ ಬಾಯಿಬಿಟ್ಟು ಹೇಳಿದರು, ನಾನು ಹೇಳಿಸಿದೆ. ಅವಳು ಒಂದು ಕಡ್ಡಿ ತಿಂದು, ನನ್ನ ಕಡೆ ಬೆರಳು ತೋರಿಸಿ, "ಅಪ್ಪೋ ರೆಂಡು ಪೇರುಮೇ ವಾಂಗ" ಎಂದಳು. ಹಾಗಾದರೆ ಇಬ್ಬರೂ ಬನ್ನಿ ಎಂದು. ನಾಳೆಯಿಂದ ಬೆಳಿಗ್ಗೆ ಏಳೂವರೆಯ ರೈಲಿಗೆ ಅಪ್ಪನ ಜೊತೆ ನಿನ್ನ ಅಮ್ಮನೂ ಆ ಕ್ಯಾಂಟೀನಿನ ಕೆಲಸಕ್ಕೆ ಹೋಗುತ್ತಾಳೆ. ನಗಬೇಡ. ಸುಮತಿ ಒಳ್ಳೆಯವಳ ಹಾಗೆಯೇ ಕಾಣುತ್ತಾಳೆ, ಆದರೂ ಒಂದು ತಿಂಗಳು ನೋಡಿಯೇ ಹೇಳುತ್ತೇನೆ.

ಮೊನ್ನೆ ಡಾಕ್ಟರ ಹತ್ತಿರವೂ ಹೋಗಿ ಬಂದೆವು. ಜ್ವರದಿಂದ ಹೋದ ಮೂಗು ಎಷ್ಟೋ ಜನರಿಗೆ ತಾನಾಗಿ ಮರಳುತ್ತದಂತೆ. ಔಷಧಿ ಕೊಟ್ಟಿದ್ದಾರೆ. ಅಪ್ಪ ಮಲಗಿದ್ದಾರೆ, ಎದ್ದೇಳುವುದರೊಳಗೆ ಇದನ್ನು ಕವರಿಗೆ ಹಾಕಬೇಕು. ನೀನು ನಡೆಸುವ ದಾರಿಯುದ್ದಕ್ಕೂ ಹಸಿರು ಸಿಗ್ನಲ್ ಸಿಗಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಜಲಜಾಕ್ಷಿ

ಮರೆತ ಮಾತು: ಡಾಕ್ಟರು ನನ್ನನ್ನು ಒಬ್ಬಳನ್ನೇ ಪುನಃ ಒಳಗೆ ಕರೆದು, ಅಪ್ಪನ ತಲೆಯದ್ದೊಂದು ಸ್ಕ್ಯಾನ್ ಮಾಡಿಸಿ ಎಂದರು. ಹದಿನೆಂಟಕ್ಕೆ, ಮಂಗಳವಾರ. ಅಪ್ಪನಿಗೆ ಮೂಗಿನ ಎಕ್ಸ್‌ರೇ ಎಂದಷ್ಟೇ ಹೇಳಿದ್ದೇನೆ. ಏನೂ ಇರಲಿಕ್ಕಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆ. ರಜೆ ಹಾಕಿ ಬಾ ಮಗಾ.