ಬರೆ ಹಾಕಿದ ಮಣಿಕಟ್ಟು

ಮಸ್ಕಿ
೮ ನವೆಂಬರ್ ೨೦೨೪, ಶುಕ್ರವಾರ

ನನ್ನ ಮುದ್ದಿನ ತಮ್ಮ ಭೀಮೇಶನಿಗೆ,

ಹೇಗಿದ್ದೀಯೋ? ಮಿರ್ಯಾಲಗುಡದಲ್ಲಿ ಭತ್ತ ಕೊಯ್ಯುವ ಮಷೀನಿನ ಮೇಲೆ ಕೂತು ಧೂಳು ಕುಡಿಯುತ್ತಿದ್ದೀಯ, ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾದಲ್ಲೇ ದಿನ ದೂಡುತ್ತೀಯೋ? ನಿನ್ನ ಹೆಂಡತಿ ದೀಪಾ ದಢೇಸುಗೂರಿನ ತವರಿನಲ್ಲಿ ಆರಾಮ ಇದ್ದಾಳೆ. ಆರು ತಿಂಗಳು ತುಂಬಿತು. ಮೊನ್ನೆ ಹುಣಸೆಕಾಯಿ ಕಳಿಸಿದ್ದೆ, ಕೂತಲ್ಲೇ ಮುಗಿಸಿದಳಂತೆ ಮಹಾರಾಯ್ತಿ!

ಫೋನಿನಲ್ಲಿ ರಕ್ತ ಪರೀಕ್ಷೆಯ ಮಾತು ತೆಗೆದರೆ ಸಾಕು, ‘ಏ ಅಕ್ಕಾ, ನಿಂದು ಶುರುವಾತು ನೋಡು’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹೋದ ವಾರ ಲಿಂಗಸುಗೂರಿನ ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ನನಗೆ ಹೆಪಟೈಟಿಸ್ ಬಿ ಇದೆ, ಕಾಮಣಿ ತರುವ ಲಿವರಿನ ಸೋಂಕು. ಸಿಂಧನೂರಿನಲ್ಲಿ ಹೊಟ್ಟೆಯ ಸ್ಕ್ಯಾನಿಂಗೂ ಆಯಿತು; ಲಿವರ್ ಚೆನ್ನಾಗಿದೆ, ಗಾಬರಿಯಾಗಬೇಡ. ಆರು ತಿಂಗಳಿಗೊಮ್ಮೆ ನೋಡಿಸುತ್ತಿರಬೇಕಂತೆ, ಮುಂದೆ ಲಿವರಿನಲ್ಲಿ ಗಂಟು ಎದ್ದರೂ ಸಣ್ಣದಿರುವಾಗಲೇ ಸಿಕ್ಕರೆ ತೆಗೆಯಬಹುದಂತೆ. ಅವ್ವನದು ಸಿಕ್ಕಾಗ ಹೊಟ್ಟೆಯೆಲ್ಲ ಉಬ್ಬಿತ್ತಲ್ಲೋ! ಲಿವರ್ ಕ್ಯಾನ್ಸರ್ ಎಂದು ಹೇಳಿದ ಇಪ್ಪತ್ತು ದಿನಕ್ಕೆ ಹೋಗಿಬಿಟ್ಟಳು. ಅವ್ವನಿಗೂ ಇದೇ ಸೋಂಕು ಇದ್ದಿರಬೇಕು, ಹುಟ್ಟುವಾಗ ಅವಳಿಂದಲೇ ನಮಗೆ ಬಂದಿರಬಹುದು, ತಮ್ಮನನ್ನೂ ಕರೆದುಕೊಂಡು ಬಾ ಎಂದರು ಡಾಕ್ಟರು.

ನೀನೇನು ಹೇಳುತ್ತೀ ಗೊತ್ತು. ‘ನಾ ಸಣ್ಣಾಂವಿದ್ದಾಗ ಬರಿ ಹಾಕ್ಸ್ಯಾರ, ಕಾಮಣಿ ಅವತ್ತ ಹೋಗೇತಿ.’ ಮಣಿಕಟ್ಟಿನ ಆ ಸುಟ್ಟ ಕಲೆಯನ್ನು ಸರ್ಟಿಫಿಕೇಟಿನಂತೆ ಎಲ್ಲರಿಗೂ ತೋರಿಸುತ್ತೀಯ. ಅವ್ವನ ಎರಡೂ ಕೈಗೆ ಬರೆ ಇತ್ತು, ಮರೆತೆಯಾ? ಅವಳ ಕಣ್ಣಿನ ಹಳದಿ ಇಳಿದದ್ದೇ ತಡ, ರೋಗ ಹೋಯಿತೆಂದು ಹೋಳಿಗೆ ಮಾಡಿ ಉಂಡೆವು. ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ‘ಏನಾಗೇತಿಬೇ ನಿನಗ’ ಎಂದು ನಮ್ಮ ಮನೆಯವರು ಬೈಯುತ್ತಾರೆ. ಕೊಯ್ಲು ಹಾಳಾಗಿ ಹೋಗಲಿ, ನೀನು ಬಾ.

ಬಸವಣ್ಣ ನಿನ್ನ ಬೆನ್ನಿಗಿರಲಿ. ಮಷೀನಿನ ಮೇಲೆ ಹುಷಾರು.

ನಿನ್ನ ಅಕ್ಕ,
ಶಿವಕುಮಾರಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಹೋದ ವರ್ಷ ಅವ್ವನಿಗೆಂದು ರಕ್ತ ಕೊಟ್ಟೆಯಲ್ಲ, ಆ ರಕ್ತನಿಧಿಯಿಂದ ನಿನ್ನ ಹೆಸರಿಗೆ ಕಾಗದ ಬಂದಿತ್ತು: ರಕ್ತದಲ್ಲಿ ದೋಷ ಕಂಡಿದೆ, ಮತ್ತೆ ಪರೀಕ್ಷೆಗೆ ಬನ್ನಿ ಎಂದು. ಆಗ ನಿನ್ನ ಲಗ್ನ ಗೊತ್ತಾಗಿತ್ತು. ಬೀಗರಿಗೆ ತಿಳಿದರೆ ಸಂಬಂಧ ಮುರಿದೀತೆಂದು ಹೆದರಿ ನಾನೇ ಅದನ್ನು ಅವ್ವನ ಟ್ರಂಕಿನಲ್ಲಿ, ಲಗ್ನಪತ್ರಿಕೆಗಳ ಕೆಳಗೆ ಮುಚ್ಚಿಟ್ಟೆ. ಈಗ ಇದರೊಳಗೇ ಇಟ್ಟಿದ್ದೇನೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ದಢೇಸುಗೂರಿಗೆ ಹೋಗಿ ದೀಪಾಳಿಗೆ ಎಲ್ಲ ಹೇಳಿರುತ್ತೇನೆ. ಅವಳಿಗೂ ಪರೀಕ್ಷೆಯಾಗಬೇಕು, ಕೂಸಿಗೆ ಹುಟ್ಟಿದ ದಿನವೇ ಲಸಿಕೆ ಬೀಳಬೇಕು. ಬೈದರೆ ಬೈ, ಮಾತು ಬಿಟ್ಟರೆ ಬಿಡು. ಆ ಕೂಸಿನ ಕೈಗೆ ಮಾತ್ರ ಬರೆ ಬೀಳಬಾರದು.